‘ಸಹಿ ಹಾಕಿದ ಮೇಲೆ ಬದಲಾವಣೆ ಇಲ್ಲ’ ಅಂದರೆ ಹೆದರಬೇಕಾ?

ಪ್ರಶ್ನೆ: ನಮಸ್ಕಾರ ಸಾರ್. ಮೂಡಿಗೆರೆ ಕಡೆ ನಮ್ಮದೊಂದು ಕಾಫಿ ಬೆಳೆಗಾರರ ಸೊಸೈಟಿ ಇದೆ. ಸುಮಾರು 340 ಸದಸ್ಯರು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ), ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಎರಡನ್ನೂ ತೂಕ ಮಾಡಿ ತೆಗೆದುಕೊಳ್ಳುತ್ತೇವೆ. ಔಟ್‌ಟರ್ನ್, ಅಂದರೆ ತಂದ ಕಾಫಿಯಲ್ಲಿ ಶುದ್ಧ ಬೀಜ ಎಷ್ಟು ಬರುತ್ತದೆ ಅಂತ ನೋಡಿ ದುಡ್ಡು ಹಾಕುತ್ತೇವೆ. ಇಲ್ಲಿಯವರೆಗೆ ಎಲ್ಲ ಲೆಡ್ಜರ್ ಪುಸ್ತಕದಲ್ಲೇ. ಈ ವರ್ಷ ಕಂಪ್ಯೂಟರ್‌ಗೆ ಹೋಗೋಣ ಅಂತ ಆಡಳಿತ ಮಂಡಳಿ ತೀರ್ಮಾನ ಮಾಡಿದೆ. ನಾನು ಬೆಂಗಳೂರಲ್ಲಿ ನಾಲ್ಕು ವರ್ಷ ಅಕೌಂಟ್ಸ್ ಕೆಲಸ ಮಾಡಿ ಊರಿಗೆ ಬಂದವಳು, ಹಾಗಾಗಿ ಈ ಕೆಲಸ ನನ್ನ ತಲೆಗೆ ಬಂದಿದೆ. ಸಾಫ್ಟ್‌ವೇರ್ ಕಂಪನಿಯವರು 14 ಲಕ್ಷ ಹೇಳಿದ್ದಾರೆ. ‘ವಾಟರ್‌ಫಾಲ್ ಪದ್ಧತಿಯಲ್ಲಿ ಮಾಡುತ್ತೇವೆ’ ಅಂತ 86 ಪುಟದ ಇಂಗ್ಲಿಷ್ ಡಾಕ್ಯುಮೆಂಟ್ ಕೊಟ್ಟು ಸಹಿ ಕೇಳುತ್ತಿದ್ದಾರೆ. ಸಹಿಯ ದಿನವೇ 40% ದುಡ್ಡು. ಆಮೇಲೆ ಬದಲಾವಣೆ ಇಲ್ಲವಂತೆ. ಡಿಸೆಂಬರ್ 1ಕ್ಕೆ ಸಾಫ್ಟ್‌ವೇರ್ ಬಳಕೆ ಶುರು ಅಂತಾರೆ. ನಮ್ಮ ಚಿಕ್ಕಪ್ಪನ ಮಗ ಐಟಿಯಲ್ಲಿದ್ದಾನೆ. ಅವನು ‘ಅಕ್ಕಾ, ವಾಟರ್‌ಫಾಲ್ ಸತ್ತು ಯಾವ ಕಾಲ ಆಯ್ತು, ಅಜೈಲ್ ಮಾಡಿ ಅನ್ನು’ ಅಂತ ನಗುತ್ತಾನೆ. ಅಧ್ಯಕ್ಷರಿಗೆ ಮಾತ್ರ ಈ ಪದ್ಧತಿಯೇ ಇಷ್ಟ. ‘ಎಷ್ಟು ಖರ್ಚು, ಯಾವತ್ತು ಮುಗಿಯುತ್ತೆ, ಎರಡೂ ಕಾಗದದಲ್ಲಿ ಇದೆಯಲ್ಲ’ ಅಂತಾರೆ. ಯಾರ ಮಾತು ಕೇಳಲಿ? ಆ ಡಾಕ್ಯುಮೆಂಟ್ ನಮ್ಮ ತೂಕದ ಹುಡುಗನಿಗೆ ಅರ್ಥವೇ ಆಗುವುದಿಲ್ಲ, ಕನ್ನಡದಲ್ಲಿ ಕೇಳಬಹುದಾ?

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಪದ್ಧತಿಯ ಪ್ರಶ್ನೆ ಅಲ್ಲ, ಸಹಿಯ ಭಯ. ಏನೋ ಒಂದು ಬಿಟ್ಟುಹೋಗಿರುತ್ತದೆ, ಅದು ಕಾಫಿ ರಾಶಿ ಬಂದು ನಿಂತ ದಿನ ಗೊತ್ತಾಗುತ್ತದೆ, ಆಗ 340 ಮನೆಯವರು ನಿಮ್ಮನ್ನೇ ಕೇಳುತ್ತಾರೆ. ಭಯ ಸರಿಯಾಗಿಯೇ ಇದೆ. 86 ಪುಟದಲ್ಲಿ ಏನೂ ಬಿಟ್ಟುಹೋಗದ ಡಾಕ್ಯುಮೆಂಟನ್ನು ನಾನು ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಒಂದೂ ನೋಡಿಲ್ಲ. ನಾನೇ ಬರೆದವೂ ಸೇರಿ.

ನಿಮ್ಮ ತಮ್ಮ ಹೇಳಿದ್ದು ಅರ್ಧ ಸರಿ. ಅಧ್ಯಕ್ಷರು ಹೇಳಿದ್ದೂ ಅರ್ಧ ಸರಿ. ಕಂಪನಿಯವರು ಹೇಳಿದ ‘ಬದಲಾವಣೆ ಇಲ್ಲ’ ಅನ್ನುವುದು ಮಾತ್ರ ಪೂರ್ತಿ ತಪ್ಪು. ಅದು ವಾಟರ್‌ಫಾಲ್ ಪದ್ಧತಿಯ ನಿಯಮ ಅಲ್ಲವೇ ಅಲ್ಲ, ಅವರ ವ್ಯಾಪಾರದ ಷರತ್ತು.

ಪದ್ಧತಿ ಹೀಗಿದೆ. ಮೊದಲು ಏನು ಬೇಕು ಅಂತ ಪೂರ್ತಿ ಬರೆದುಕೊಳ್ಳುವುದು. ಆಮೇಲೆ ಹೇಗೆ ಮಾಡುವುದು ಅಂತ ಡಿಸೈನ್. ಆಮೇಲೆ ಪ್ರೋಗ್ರಾಂ ಬರೆಯುವುದು, ಪರೀಕ್ಷೆ, ಕೊನೆಗೆ ಬಳಕೆ. ಒಂದು ಹಂತ ಮುಗಿದು ಒಪ್ಪಿಗೆ ಸಿಕ್ಕಿದ ಮೇಲೆ ಮುಂದಿನದು. ನಿಮ್ಮ ಕಡೆಯ ಹೆಬ್ಬೆ ಜಲಪಾತದಲ್ಲಿ ದೊಡ್ಡ ಹೆಬ್ಬೆಯಿಂದ ಚಿಕ್ಕ ಹೆಬ್ಬೆಗೆ ನೀರು ಇಳಿದ ಹಾಗೆ, ಮೇಲಿನಿಂದ ಕೆಳಕ್ಕೆ. ಅದಕ್ಕೇ ಆ ಹೆಸರು.

ತಮಾಷೆ ಅಂದರೆ, ಈ ಪದ್ಧತಿಯನ್ನು ಹುಟ್ಟಿಸಿದವರು ಅಂತ ಎಲ್ಲರೂ ತೋರಿಸುವ ವ್ಯಕ್ತಿ ಅದರ ಅಪಾಯವನ್ನೇ ಹೇಳಿದ್ದರು. ವಿನ್‌ಸ್ಟನ್ ರಾಯ್ಸ್ ಅಂತ ಅಮೆರಿಕದ ಎಂಜಿನಿಯರ್. ಬಾಹ್ಯಾಕಾಶ ನೌಕೆಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡಿಸಿದ ಅನುಭವದ ಮೇಲೆ 1970ರಲ್ಲಿ ಒಂದು ಲೇಖನ ಬರೆದರು. ಅದರಲ್ಲಿ ಏಳು ಡಬ್ಬಿಗಳ ಚಿತ್ರ ಇದೆ, ಮೆಟ್ಟಿಲಿನ ಹಾಗೆ ಕೆಳಕ್ಕೆ ಇಳಿಯುತ್ತದೆ. ಇವತ್ತಿಗೂ ಕಾಲೇಜಿನಲ್ಲಿ ತೋರಿಸುವುದು ಅದರ ಅಣ್ಣತಮ್ಮಂದಿರನ್ನೇ. ಚಿತ್ರದ ಪಕ್ಕದಲ್ಲೇ ರಾಯ್ಸ್ ಬರೆದರು: ಈ ವಿಚಾರದಲ್ಲಿ ನನಗೆ ನಂಬಿಕೆ ಇದೆ, ಆದರೆ ಹೀಗೇ ಮಾಡಹೊರಟರೆ ಅಪಾಯ, ಸೋಲನ್ನು ಕರೆದ ಹಾಗೆ. ಕಾರಣವನ್ನೂ ಹೇಳಿದರು. ಪರೀಕ್ಷೆ ಬರುವುದು ಕೊನೆಯಲ್ಲಿ. ನಿಜವಾಗಿ ಕೆಲಸ ಮಾಡುತ್ತದಾ ಅಂತ ಗೊತ್ತಾಗುವುದು ಆಗಲೇ. ಅಲ್ಲಿ ಎಡವಿದರೆ ಮತ್ತೆ ಡಿಸೈನ್‌ಗೆ, ಕೆಲವೊಮ್ಮೆ ‘ಏನು ಬೇಕಿತ್ತು’ ಅನ್ನುವಲ್ಲಿಗೇ ವಾಪಸ್. ಅದಕ್ಕೆ ಅವರು ಕೊಟ್ಟ ಮದ್ದು ಏನು ಗೊತ್ತಾ? ಒಮ್ಮೆ ಸಣ್ಣದಾಗಿ ಮಾಡಿ ನೋಡಿ, ಆಮೇಲೆ ದೊಡ್ಡದು ಮಾಡಿ. ಗಿರಾಕಿಯನ್ನು ಕೊನೆಗೆ ಮಾತ್ರ ಕರೆಯಬೇಡಿ, ನಡುನಡುವೆ ಕೂರಿಸಿಕೊಳ್ಳಿ.

ಲೇಖನದಲ್ಲಿ ‘ವಾಟರ್‌ಫಾಲ್’ ಅನ್ನುವ ಪದವೇ ಇಲ್ಲ. ಅದು 1976ರಲ್ಲಿ ಬೇರೆ ಇಬ್ಬರು ಬರೆದ ಲೇಖನದಲ್ಲಿ ಬಂತು. ಆಮೇಲೆ 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಸಾಫ್ಟ್‌ವೇರ್ ಮಾಡಿಸುವುದಕ್ಕೆ ಒಂದು ನಿಯಮಾವಳಿ ತಂದಿತು. ಅದನ್ನು ಎಲ್ಲರೂ ಓದಿಕೊಂಡದ್ದು ವಾಟರ್‌ಫಾಲ್ ಅಂತಲೇ. 1994ರಲ್ಲಿ ಅದನ್ನು ಬದಲಾಯಿಸಿದರು. ಅಷ್ಟರಲ್ಲಿ ಜಗತ್ತಿನ ಟೆಂಡರ್‌ಗಳೆಲ್ಲ ಆ ಅಚ್ಚಿಗೆ ಬಿದ್ದಾಗಿತ್ತು. ಚಿತ್ರ ಉಳಿಯಿತು, ಪಕ್ಕದ ಎಚ್ಚರಿಕೆ ಬಿಟ್ಟುಹೋಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ನೀರು ಮೇಲಕ್ಕೆ ಹೋಗುವುದಿಲ್ಲ ಅಂತ ಯಾರು ಹೇಳಿದ್ದು? ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟರೆ ನಿಮ್ಮ ಕಡೆ ಏನು ಮಾಡುತ್ತೀರಿ? ಕೆಳಗಿನ ಕೆರೆಗೆ ಪಂಪು ಇಟ್ಟು, ಪೈಪ್ ಎಳೆದು, ಮೇಲಿನ ತೋಟಕ್ಕೆ ನೀರು ಹತ್ತಿಸಿ ಸ್ಪ್ರಿಂಕ್ಲರ್ ಹೊಡೆಯುತ್ತೀರಿ. ನೀರು ಹತ್ತುತ್ತದೆ. ಡೀಸೆಲ್ ಖರ್ಚಾಗುತ್ತದೆ, ಅಷ್ಟೇ. ಕೆರೆ ಪಕ್ಕದ ರೋಬಸ್ಟಾ ಕಾಫಿ ಗಿಡಕ್ಕೆ ಸ್ವಲ್ಪ ಡೀಸೆಲ್, ಗುಡ್ಡದ ತಲೆಗೆ ಜಾಸ್ತಿ ಡೀಸೆಲ್.

ಪ್ರಾಜೆಕ್ಟ್‌ನಲ್ಲೂ ಹಾಗೇ. ಹಿಂದಿನ ಹಂತಕ್ಕೆ ಹೋಗಬಹುದು. ಎಷ್ಟು ಕೆಳಗೆ ಇಳಿದ ಮೇಲೆ ಹೋಗುತ್ತೀರಿ ಅನ್ನುವುದರ ಮೇಲೆ ಖರ್ಚು. ಉದಾಹರಣೆಗೆ ತೇವಾಂಶದ ಕಡಿತ ತೆಗೆದುಕೊಳ್ಳಿ. ಡಾಕ್ಯುಮೆಂಟ್‌ನಲ್ಲಿ ‘ಒಂದು ಲಾಟ್‌ಗೆ ಒಂದು ರೀಡಿಂಗ್’ ಅಂತ ಬರೆದಿದ್ದಾರೆ ಅಂದುಕೊಳ್ಳಿ. ನಿಮ್ಮಲ್ಲಿ ನಿಜಕ್ಕೂ ಮೂರು ನಾಲ್ಕು ಚೀಲದಿಂದ ಸ್ಯಾಂಪಲ್ ತೆಗೆದು ಸರಾಸರಿ ಹಾಕುತ್ತೀರಿ. ಈಗಲೇ ಗೊತ್ತಾದರೆ ಪೆನ್ನಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು. ಸೆಪ್ಟೆಂಬರ್‌ನಲ್ಲಿ ಗೊತ್ತಾದರೆ ಸ್ಕ್ರೀನು, ಒಳಗಿನ ಟೇಬಲ್ಲು, ರಿಪೋರ್ಟು ಮೂರನ್ನೂ ಬದಲಾಯಿಸಬೇಕು, ಒಂದು ವಾರದ ಕೆಲಸ. ಫೆಬ್ರವರಿಯಲ್ಲಿ ಗೊತ್ತಾದರೆ? ಅಷ್ಟರಲ್ಲಿ ಇನ್ನೂರು ಮುನ್ನೂರು ಜನಕ್ಕೆ ದುಡ್ಡು ಹೋಗಿರುತ್ತದೆ. ಒಬ್ಬೊಬ್ಬರದ್ದೂ ಲೆಕ್ಕ ತೆಗೆದು, ಕೆಲವರಿಗೆ ಕೊಟ್ಟು, ಕೆಲವರಿಂದ ವಾಪಸ್ ಕೇಳಬೇಕು. ವಾಪಸ್ ಕೇಳುವ ಕಷ್ಟ ನಾನು ನಿಮಗೆ ಹೇಳಬೇಕಾ?

ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಬ್ಯಾರಿ ಬೋಹಂ ಅನ್ನುವವರು ಈ ವಿಷಯದ ಹಿರಿಯರು. ಅವರ ಅಂದಾಜಿನ ಪ್ರಕಾರ ದೊಡ್ಡ ಯೋಜನೆಗಳಲ್ಲಿ ಬಳಕೆಗೆ ಬಂದ ಮೇಲೆ ತಪ್ಪು ತಿದ್ದುವ ಖರ್ಚು, ಶುರುವಿನಲ್ಲೇ ತಿದ್ದುವುದಕ್ಕಿಂತ 100 ಪಟ್ಟು ತನಕ ಹೋಗುತ್ತದೆ. ಆದರೆ ಸಣ್ಣ ಸಾಫ್ಟ್‌ವೇರ್‌ಗಳಲ್ಲಿ ಅದು 5 ಪಟ್ಟಿನ ಆಸುಪಾಸು. ಎರಡನೇ ಅಂಕಿಯನ್ನು ಹೇಳುವವರು ಕಡಿಮೆ. ನಿಮಗೆ ಬೇಕಾದದ್ದು ಅದೇ. ನಿಮ್ಮದು ಸಣ್ಣ ಪ್ರಾಜೆಕ್ಟ್. ಇಲ್ಲಿ ಹಿಂದಕ್ಕೆ ಹೋಗುವುದು ದುಬಾರಿ, ಆದರೆ ಮುಳುಗಿಸುವಷ್ಟಲ್ಲ. ಮುಳುಗಿಸುವುದು ಕೆಲವೇ ಕೆಲವು ವಿಷಯಗಳು. ಅವನ್ನು ಹುಡುಕಿ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಉಳಿದದ್ದಕ್ಕೆ ಇಷ್ಟು ಬಿಗಿ ಬೇಡ.

‘ವಾಟರ್‌ಫಾಲ್ ಸತ್ತಿದೆ’ ಅನ್ನುವ ಮಾತಿಗೆ ಇಲ್ಲೇ ಉತ್ತರ ಇದೆ. ಹಿಂದೆ ಬರಲಾಗದ ಕೆಲಸಗಳಲ್ಲಿ ಅದು ಗಟ್ಟಿಮುಟ್ಟಾಗಿ ಬದುಕಿದೆ. ನಮ್ಮ ಹಾಸನದಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುವ ಜಾಗ. ಮೇಲೆ ಹೋದ ಮೇಲೆ ಇಲ್ಲಿಂದ ಆದೇಶ ಕಳಿಸಬಹುದೇ ಹೊರತು ಸ್ಪ್ಯಾನರ್ ಹಿಡಿದುಕೊಂಡು ಹೋಗಲಾಗುವುದಿಲ್ಲ. ಅಂಥ ಕೆಲಸಕ್ಕೆ ಹಂತ ಹಂತದ ಒಪ್ಪಿಗೆ, ಹಂತ ಹಂತದ ಪರೀಕ್ಷೆ ಬೇಕೇ ಬೇಕು. ಗೊರೂರಿನ ಅಣೆಕಟ್ಟನ್ನು ‘ಮೊದಲು ಸ್ವಲ್ಪ ಕಟ್ಟಿ ನೋಡೋಣ, ಜನ ಏನಂತಾರೆ ಕೇಳೋಣ’ ಅಂತ ಕಟ್ಟಲಾಗುತ್ತಿರಲಿಲ್ಲ. ನೀರು ನಿಂತ ಮೇಲೆ ನಿಂತಿತು. ಶೆಟ್ಟಿಹಳ್ಳಿಯ ಚರ್ಚ್ ಈಗಲೂ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಇಳಿಯುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಅಷ್ಟು ದೂರ ಯಾಕೆ, ನಿಮ್ಮ ತೋಟದಲ್ಲಿ ಕಾಫಿ ಒಣಗಿಸುವ ಕಣ ಹಾಕಿಸುವಾಗ ಏನು ಮಾಡುತ್ತೀರಿ? ಇಳಿಜಾರು ಎತ್ತ ಅಂತ ಕಾಂಕ್ರೀಟ್ ಸುರಿಯುವ ಮೊದಲೇ ನೋಡುತ್ತೀರಿ. ಜೂನ್ ಮಳೆ ಹಿಡಿಯುವುದರೊಳಗೆ ಮುಗಿಸುತ್ತೀರಿ. ಅದೂ ವಾಟರ್‌ಫಾಲೇ. ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ ಅಷ್ಟೇ.

ನನ್ನದೇ ಒಂದು ಕಥೆ ಹೇಳುತ್ತೇನೆ. ಹಲವು ವರ್ಷದ ಹಿಂದೆ ಹಳ್ಳಿ ಹಳ್ಳಿಗಳಲ್ಲಿ ಹಾಲು ಅಳೆಯುವ ಕೆಲಸಕ್ಕೆ ಸಾಫ್ಟ್‌ವೇರ್ ಮಾಡುವ ತಂಡದಲ್ಲಿದ್ದೆ. ಸಂಸ್ಥೆ ಯಾವುದು ಅನ್ನುವುದು ಬೇಡ. ಡಾಕ್ಯುಮೆಂಟ್ ನೂರ ನಲವತ್ತು ಪುಟ. ಮುಖ್ಯ ಕಚೇರಿಯ ನಾಲ್ಕು ಜನ ದೊಡ್ಡವರು ಸಹಿ ಹಾಕಿದ್ದರು. ನಮಗೆ ಹೆಮ್ಮೆ. ಮೊದಲ ದಿನ ಬೆಳಿಗ್ಗೆ ಆರು ಗಂಟೆಗೆ ಒಂದು ಹಳ್ಳಿಯಲ್ಲಿ ಶುರು ಮಾಡಿದೆವು. ಮೂರನೆಯವರ ಹಾಲು ಅಳೆಯುವಷ್ಟರಲ್ಲಿ ಸಾಲು ನಿಂತುಹೋಯಿತು. ಯಾಕೆಂದರೆ ನಮ್ಮ ಸ್ಕ್ರೀನ್‌ನಲ್ಲಿ ಲೀಟರ್ ಮತ್ತು ಫ್ಯಾಟ್ ಎರಡನ್ನೂ ಹಾಕಿದರೆ ಮಾತ್ರ ಸೇವ್ ಆಗುತ್ತಿತ್ತು. ಅಲ್ಲಿನವರು ಹಾಲು ಅಳೆದು, ಸ್ಯಾಂಪಲ್ ಬಾಟಲಿಯನ್ನು ಪಕ್ಕಕ್ಕಿಟ್ಟು, ಎಲ್ಲರೂ ಹೋದ ಮೇಲೆ ಫ್ಯಾಟ್ ನೋಡುತ್ತಿದ್ದರು. ಡಾಕ್ಯುಮೆಂಟ್‌ನಲ್ಲಿ ‘ಪ್ರಮಾಣ ಮತ್ತು ಕೊಬ್ಬಿನಂಶ ದಾಖಲಿಸುವುದು’ ಅಂತ ಒಂದೇ ಸಾಲಿನಲ್ಲಿತ್ತು. ಆ ‘ಮತ್ತು’ ನಮ್ಮನ್ನು ಹೊಡೆದು ಹಾಕಿತು. ಕ್ಯಾನ್ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ‘ನಿಮ್ ಟೀವಿ ಆಫ್ ಮಾಡಿ, ನಮ್ ಹಾಲು ಅಳೀರಪ್ಪಾ’ ಅಂದರು. ಆಫ್ ಮಾಡಿದೆವು.

ತಪ್ಪು ಎಲ್ಲಿತ್ತು? ಹಂತಗಳಲ್ಲಿ ಇರಲಿಲ್ಲ. ಸಹಿ ಹಾಕಿದ ನಾಲ್ವರಲ್ಲಿ ಒಬ್ಬರೂ ಬೆಳಿಗ್ಗೆ ಆರಕ್ಕೆ ಆ ಕಟ್ಟೆಯ ಮೇಲೆ ನಿಂತವರಲ್ಲ. ನಾವೂ ನಿಂತಿರಲಿಲ್ಲ. ಎರಡು ದಿನ ಹೋಗಿ ನಿಂತಿದ್ದರೆ ಸಾಕಿತ್ತು. ವಾಟರ್‌ಫಾಲ್ ಸೋಲುವುದನ್ನು ನಾನು ನೋಡಿದ ಕಡೆಯಲ್ಲೆಲ್ಲ ಕಥೆ ಸುಮಾರಾಗಿ ಇದೇ. ಕೆಲಸ ಮಾಡುವವರು ಒಬ್ಬರು, ಸಹಿ ಹಾಕುವವರು ಇನ್ನೊಬ್ಬರು. ಎರಡನೇ ಕಾರಣವೂ ಒಂದಿದೆ: ಮೊದಲ ಹಂತಗಳು ಎಳೆದುಕೊಂಡು ಹೋಗುತ್ತವೆ, ಕೊನೆಯ ತಾರೀಕು ಮಾತ್ರ ಅಲ್ಲಾಡುವುದಿಲ್ಲ, ನಡುವೆ ಸಿಕ್ಕಿ ಪರೀಕ್ಷೆಯ ಹಂತ ಚಪ್ಪಟೆಯಾಗುತ್ತದೆ. ಒಂದು ತಿಂಗಳ ಪರೀಕ್ಷೆ ನಾಲ್ಕು ದಿನಕ್ಕೆ ಇಳಿಯುತ್ತದೆ.

ಅಜೈಲ್ ಬಗ್ಗೆ ಸ್ವಲ್ಪ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಒಂದು ಸಣ್ಣ ಘೋಷಣೆ ಬರೆದರು. ದಪ್ಪ ಡಾಕ್ಯುಮೆಂಟ್‌ಗಿಂತ ಓಡುವ ಸಾಫ್ಟ್‌ವೇರ್‌ಗೆ ಹೆಚ್ಚು ಬೆಲೆ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದಕ್ಕೆ ಹೆಚ್ಚು ಬೆಲೆ ಅಂದರು. ಡಾಕ್ಯುಮೆಂಟ್, ಯೋಜನೆಗಳಿಗೂ ಬೆಲೆ ಇದೆ ಅಂತ ಅದೇ ಪುಟದಲ್ಲಿ ಹೇಳಿದ್ದಾರೆ. ನಿಮ್ಮ ತಮ್ಮನಿಗೆ ಈ ಸಾಲು ತೋರಿಸಿ. ಎರಡು ವಾರಕ್ಕೊಮ್ಮೆ ಒಂದು ತುಂಡು ಮಾಡಿ ತೋರಿಸುವುದು, ನೀವು ನೋಡಿ ಹೇಳುವುದು, ತಿದ್ದುವುದು, ಮುಂದಕ್ಕೆ ಹೋಗುವುದು. ಚೆನ್ನಾಗಿ ಕೆಲಸ ಮಾಡುತ್ತದೆ, ನೋಡಿ ಹೇಳುವವರು ಇದ್ದರೆ! ನಿಮ್ಮ ಸೊಸೈಟಿಯಲ್ಲಿ ಎರಡು ವಾರಕ್ಕೊಮ್ಮೆ ಅರ್ಧ ದಿನ ಕೂರುವವರು ಯಾರು? ನೀವು ಒಬ್ಬರು ಕೂರುತ್ತೀರಿ. ಲೆಕ್ಕ ಬರೆಯುವ ರೈಟರ್, ತೂಕದ ಹುಡುಗ, ಕ್ಯಾಷಿಯರ್? ಅವರು ಬರದಿದ್ದರೆ ಅಜೈಲ್ ಕೂಡ ನನ್ನ ಹಾಲಿನ ಕಥೆಯೇ ಆಗುತ್ತದೆ, ಇಪ್ಪತ್ತು ಸಣ್ಣ ಕಂತುಗಳಲ್ಲಿ.

ಈಗ ನಿಮ್ಮ 86 ಪುಟ. ನಾನಾಗಿದ್ದರೆ ಅದನ್ನು ಮೊದಲಿಂದ ಓದುವುದಿಲ್ಲ. ಎರಡು ಪ್ರಶ್ನೆ ಹಿಡಿದುಕೊಂಡು ಹುಡುಕುತ್ತೇನೆ.

ಮೊದಲನೆಯದು, ಕರೆಂಟು ಮತ್ತು ನೆಟ್‌ವರ್ಕ್ ಹೋದರೆ ಏನು? ಮೂಡಿಗೆರೆ ಕಡೆ ಇದನ್ನು ಕೇಳಲೇಬೇಕು. ಬೆಂಗಳೂರಿನಲ್ಲಿ ಕೂತವರು ಎಲ್ಲವನ್ನೂ ಇಂಟರ್ನೆಟ್ ಮೂಲಕ ದೂರದ ಸರ್ವರ್‌ನಲ್ಲಿ ಇಡುವ ಹಾಗೆ ಮಾಡುತ್ತಾರೆ, ಅವರಿಗೆ ಅದು ಸಲೀಸು. ನಿಮ್ಮಲ್ಲಿ ಸಂಜೆ ಐದಕ್ಕೆ ಮೂರು ಪಿಕಪ್ ಕಾಫಿ ಬಂದು ನಿಂತಿರುವಾಗ ನೆಟ್ ಇಲ್ಲ ಅಂದರೆ ತೂಕದ ಚೀಟಿ ಹೊರಗೆ ಬರಬೇಕಾ ಬೇಡವಾ? ಬರಬೇಕು ಅಂದರೆ ಸಾಫ್ಟ್‌ವೇರ್ ಅಲ್ಲೇ ಕಂಪ್ಯೂಟರ್‌ನಲ್ಲಿ ಬರೆದುಕೊಂಡು, ನೆಟ್ ಬಂದಾಗ ಕಳಿಸುವ ಹಾಗಿರಬೇಕು. ಇದನ್ನು ಆಮೇಲೆ ಸೇರಿಸಲು ಹೋದರೆ ಅರ್ಧ ಮನೆ ಒಡೆದು ಕಟ್ಟಿದ ಹಾಗೆ. ಗುಡ್ಡದ ತಲೆಗೆ ನೀರು ಅಂದೆನಲ್ಲ, ಅದು ಇದೇ. ಇಂಥದ್ದು ಮೊದಲ ದಿನವೇ ತೀರ್ಮಾನ ಆಗಬೇಕು, ಬರಹದಲ್ಲಿ ಇರಬೇಕು, ಸಹಿ ಆಗಬೇಕು. ಇಲ್ಲಿ ನಾನು ಪೂರ್ತಿ ನಿಮ್ಮ ಅಧ್ಯಕ್ಷರ ಕಡೆ.

ಎರಡನೆಯದು, ದುಡ್ಡಿನ ಲೆಕ್ಕ. ತೂಕ, ಚೀಲದ ತೂಕ ಕಳೆಯುವುದು, ತೇವಾಂಶ, ಔಟ್‌ಟರ್ನ್, ದರ ಯಾವ ದಿನದ್ದು, ಮುಂಗಡ ಕಡಿತ. ಇದನ್ನು ಮಾತಿನಲ್ಲಿ ಬರೆದಿದ್ದರೆ ಒಪ್ಪಬೇಡಿ. ಹೋದ ವರ್ಷದ ಲೆಡ್ಜರ್‌ನಿಂದ ಹತ್ತು ಬೆಳೆಗಾರರ ನಿಜವಾದ ಲೆಕ್ಕ ತೆಗೆದು, ‘ಇಷ್ಟು ಹಾಕಿದರೆ ಇಷ್ಟು ಬರಬೇಕು’ ಅಂತ ಡಾಕ್ಯುಮೆಂಟ್‌ಗೆ ಸೇರಿಸಿ. ಆ ಹತ್ತರಲ್ಲಿ ನೇರಾನೇರ ಇರುವುದು ಎರಡು ಸಾಕು. ಉಳಿದ ಎಂಟು ವಕ್ರವಾದವು ಇರಲಿ: ಅಣ್ಣತಮ್ಮಂದಿರು ಒಂದೇ ಲೋಡ್‌ನಲ್ಲಿ ತಂದದ್ದು, ಅರ್ಧ ಸ್ಟಾಕ್ ಇಟ್ಟು ಅರ್ಧಕ್ಕೆ ದುಡ್ಡು ತೆಗೆದುಕೊಂಡದ್ದು, ದರ ಆಮೇಲೆ ಗೊತ್ತು ಮಾಡಿಕೊಳ್ಳುತ್ತೇನೆ ಅಂತ ಬಿಟ್ಟುಹೋದದ್ದು, ಖಾತೆ ಯಜಮಾನರ ಹೆಸರಲ್ಲಿದ್ದು ಅವರು ತೀರಿಹೋದದ್ದು. ಲೆಡ್ಜರ್‌ನಲ್ಲಿ ಕೆಂಪು ಇಂಕಿನಲ್ಲಿ ತಿದ್ದಿದ ಸಾಲುಗಳಿರುತ್ತವಲ್ಲ, ಅವನ್ನೆಲ್ಲ ಫೋಟೋ ತೆಗೆದುಕೊಳ್ಳಿ. ಒಂದೊಂದು ಕೆಂಪು ಗೆರೆಯ ಹಿಂದೆಯೂ ಯಾರೂ ನಿಮಗೆ ಹೇಳದ ಒಂದು ನಿಯಮ ಇರುತ್ತದೆ. ರೈಟರ್ ಹತ್ತಿರ ‘ನಿಮಗೆ ಏನೇನು ಬೇಕು’ ಅಂತ ಕೇಳಿದರೆ ‘ಎಲ್ಲ ಸರಿ ಇದೆ ಅಮ್ಮ’ ಅಂತಾರೆ. ‘ಹೋದ ಸೀಸನ್‌ನಲ್ಲಿ ಜಗಳ ಆದದ್ದು ಯಾವುದಕ್ಕೆ’ ಅಂತ ಕೇಳಿ. ಒಂದು ಗಂಟೆ ಹೇಳುತ್ತಾರೆ.

ಇಷ್ಟು ಗಟ್ಟಿ ಆದರೆ ಸಾಕು. ಸ್ಕ್ರೀನ್ ಯಾವ ಬಣ್ಣ, ಚೀಟಿಯಲ್ಲಿ ಹೆಸರು ಮೇಲಾ ಕೆಳಗಾ, ಮಂಡಳಿ ಸಭೆಗೆ ಯಾವ ರಿಪೋರ್ಟ್, ಇದೆಲ್ಲ ಈಗಲೇ ನಿಮಗೆ ಗೊತ್ತಿರುವುದಿಲ್ಲ. ಗೊತ್ತಿದೆ ಅಂದುಕೊಂಡು ಬರೆದರೂ ನೋಡಿದ ಮೇಲೆ ಮನಸ್ಸು ಬದಲಾಗುತ್ತದೆ. ಇವು ಕೆರೆ ಪಕ್ಕದ ರೋಬಸ್ಟಾ. ನೋಡಿ ನೋಡಿ ತಿದ್ದಿಕೊಳ್ಳಬಹುದು.

ನಿಮ್ಮ ಮುಂದೆ ಇರುವ ದಾರಿಗಳು ಹೀಗಿವೆ.

ಕಂಪನಿಯವರು ಹೇಳಿದ ಹಾಗೇ ಪೂರ್ತಿ ವಾಟರ್‌ಫಾಲ್, 14 ಲಕ್ಷಕ್ಕೆ ಕಟ್ಟು. ಖರ್ಚು ಮೊದಲೇ ಗೊತ್ತಿರುತ್ತದೆ, ಮಂಡಳಿಗೆ ನೆಮ್ಮದಿ, ಆಡಿಟ್‌ಗೂ ಸುಲಭ. ಅಪಾಯ ಅಂದರೆ ನೀವು ಸಾಫ್ಟ್‌ವೇರ್‌ನ ಮುಖ ನೋಡುವುದೇ ನವೆಂಬರ್‌ನಲ್ಲಿ. ಅರೇಬಿಕಾ ಹಣ್ಣು ಕುಯ್ಲು ಶುರುವಾಗುವ ಹೊತ್ತು. ಆಗ ನಿಮ್ಮಲ್ಲಿ ಯಾರಿಗೂ ಪರೀಕ್ಷೆ ಮಾಡುವ ಪುರುಸೊತ್ತು ಇರುವುದಿಲ್ಲ. ಅದೂ ಅಲ್ಲದೆ ‘ಬದಲಾವಣೆ ಇಲ್ಲ’ ಅಂದದ್ದು ಆಗ ‘ಬದಲಾವಣೆಗೆ ಬೇರೆ ದುಡ್ಡು’ ಅಂತ ಆಗುತ್ತದೆ. ಕಡಿಮೆಗೆ ಕೋಟ್ ಮಾಡಿ, ಬದಲಾವಣೆಯಲ್ಲಿ ಲಾಭ ತೆಗೆಯುವವರು ಈ ಧಂಧೆಯಲ್ಲಿ ಇದ್ದಾರೆ. ನಿಮ್ಮವರು ಅಂಥವರು ಅಂತ ಹೇಳುತ್ತಿಲ್ಲ.

ಪೂರ್ತಿ ಅಜೈಲ್, ಕೆಲಸ ಮಾಡಿದ ದಿನಕ್ಕೆ ಲೆಕ್ಕ. ಎರಡು ವಾರಕ್ಕೊಮ್ಮೆ ಕಾಣುತ್ತದೆ, ತಪ್ಪು ಬೇಗ ಸಿಗುತ್ತದೆ. ಆದರೆ ಕೊನೆಗೆ ಎಷ್ಟಾಗುತ್ತದೆ ಅಂತ ಯಾರೂ ಹೇಳಲಾರರು. 14 ಇರುವುದು 11 ಆಗಬಹುದು, 20 ಕೂಡ ಆಗಬಹುದು. ಸೊಸೈಟಿಯ ದುಡ್ಡಿನಲ್ಲಿ ಇದನ್ನು ಮಂಡಳಿಗೆ ಒಪ್ಪಿಸುವುದು ಕಷ್ಟ. ಒಪ್ಪಿಸಬೇಕು ಅಂತಲೂ ನಾನು ಹೇಳುವುದಿಲ್ಲ.

ಈ ವರ್ಷ ಬಿಟ್ಟೇಬಿಡುವುದೂ ಒಂದು ದಾರಿ. ಅಕೌಂಟ್ಸ್‌ಗೆ ಸಿದ್ಧ ಸಾಫ್ಟ್‌ವೇರ್ ತೆಗೆದುಕೊಂಡು, ತೂಕ ಮತ್ತು ಔಟ್‌ಟರ್ನ್ ಈ ಸೀಸನ್ ಪುಸ್ತಕದಲ್ಲೇ ಇರಲಿ ಅನ್ನುವುದು. ನಾಚಿಕೆಯ ವಿಷಯ ಏನೂ ಅಲ್ಲ. ಜುಲೈ ಮುಗಿಯುವುದರೊಳಗೆ ಆ ಹತ್ತು ಲೆಕ್ಕಗಳು ಸಿದ್ಧ ಆಗದಿದ್ದರೆ ನಾನು ಇದನ್ನೇ ಹೇಳುವುದು.

ನನ್ನ ಸಲಹೆ ಎರಡನ್ನೂ ಸೇರಿಸುವುದು. ಮೇಲೆ ಹೇಳಿದ ಗಟ್ಟಿ ವಿಷಯಗಳಿಗೆ ವಾಟರ್‌ಫಾಲ್‌ನ ಶಿಸ್ತು: ಬರೆದು, ಓದಿ, ಸಹಿ. ಉಳಿದ ಕೆಲಸವನ್ನು ಮೂರು ನಾಲ್ಕು ತುಂಡು ಮಾಡಿ, ಒಂದೊಂದನ್ನೂ ನಿಮ್ಮ ಗೋಡೌನ್‌ನಲ್ಲಿ ಓಡಿಸಿ ತೋರಿಸಬೇಕು ಅನ್ನುವುದು. ಮೊದಲ ತುಂಡು ತೂಕ ಮತ್ತು ಚೀಟಿ. ಅದು ಆಗಸ್ಟ್ ಕೊನೆಗೆ ಬರಲಿ. ಹೊಸ ಕಾಫಿ ಇಲ್ಲದಿದ್ದರೂ ಪರವಾಗಿಲ್ಲ. ಮೆಷಿನ್ ಮೇಲೆ ಗೊಬ್ಬರದ ಚೀಲ ಇಟ್ಟು ಚೀಟಿ ತೆಗೆಯಿರಿ. ಎರಡನೆಯದು ಔಟ್‌ಟರ್ನ್ ಮತ್ತು ಬಿಲ್. ಅದಕ್ಕೆ ಹೋದ ವರ್ಷದ ಒಂದು ವಾರದ ಲೆಡ್ಜರ್ ಪೂರ್ತಿ ಹಾಕಿಸಿ. ಪುಸ್ತಕದಲ್ಲಿ ಬಂದ ರೂಪಾಯಿಯೇ ಕಂಪ್ಯೂಟರ್‌ನಲ್ಲೂ ಬರಬೇಕು. ಬರದಿದ್ದರೆ ಎರಡರಲ್ಲಿ ಒಂದು ತಪ್ಪು. ನನ್ನ ಅನುಭವದಲ್ಲಿ ಒಂದೆರಡು ಕಡೆ ಪುಸ್ತಕವೇ ತಪ್ಪಿರುತ್ತದೆ. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಇದರಲ್ಲೂ ಅಪಾಯ ಇದೆ. ‘ಇದು ಗಟ್ಟಿ ವಿಷಯವಾ, ಮೆದು ವಿಷಯವಾ’ ಅನ್ನುವುದರ ಮೇಲೆಯೇ ಜಗಳ ಬರುತ್ತದೆ. ನೀವು ‘ಸಣ್ಣ ತಿದ್ದುಪಡಿ’ ಅಂತೀರಿ, ಅವರು ‘ಹೊಸ ಕೆಲಸ’ ಅಂತಾರೆ. ಅದಕ್ಕೆ ಒಪ್ಪಂದದಲ್ಲೇ ತಿದ್ದುಪಡಿಗೆ ಅಂತ ಇಷ್ಟು ದಿನದ ಕೆಲಸ ಸೇರಿಸಿಡಿ. ಹದಿನೈದು ಇಪ್ಪತ್ತು ದಿನ ಇರಲಿ. ಅದು ಮುಗಿಯುವ ತನಕ ಬೇರೆ ದುಡ್ಡು ಇಲ್ಲ. ಪ್ರತಿ ತಿದ್ದುಪಡಿಗೂ ಒಂದು ಸಣ್ಣ ಚೀಟಿ: ಏನು, ಯಾಕೆ, ಎಷ್ಟು ದಿನ, ತಾರೀಕು ಮುಂದಕ್ಕೆ ಹೋಗುತ್ತದಾ. ನಿಮ್ಮ ಕಡೆಯಿಂದ ಹೂಂ ಅನ್ನುವ ಅಧಿಕಾರ ಒಬ್ಬರಿಗೇ ಇರಲಿ, ಅದು ನೀವೇ ಆಗಿರಿ. ಹನ್ನೊಂದು ನಿರ್ದೇಶಕರೂ ಒಬ್ಬೊಬ್ಬರೇ ಫೋನ್ ಮಾಡಿ ಕಂಪನಿಗೆ ‘ಇದೊಂದು ಸೇರಿಸಿಬಿಡಿ’ ಅಂದರೆ ಯಾವ ಪದ್ಧತಿಯೂ ಉಳಿಯುವುದಿಲ್ಲ.

ದುಡ್ಡಿನ ವಿಷಯ. ಸಹಿಯ ದಿನ 40% ಅಂದರೆ 5 ಲಕ್ಷ 60 ಸಾವಿರ. ಬರೀ ಕಾಗದಕ್ಕೆ ಅಷ್ಟು ಕೊಡಬೇಡಿ. ನಾನು ಸಾಮಾನ್ಯವಾಗಿ ಹೇಳುವ ಹಂಚಿಕೆ ಹೀಗಿದೆ: ಸಹಿಗೆ 15%, ನಿಮ್ಮ ಗೋಡೌನ್‌ನಲ್ಲಿ ತೂಕದ ಚೀಟಿ ಹೊರಬಂದ ದಿನ 25%, ಹಳೇ ಲೆಡ್ಜರ್‌ಗೆ ಬಿಲ್ ತಾಳೆ ಆದ ದಿನ ಇನ್ನೊಂದು 25%, ಸೀಸನ್ ಶುರುವಾಗಿ ಒಂದು ತಿಂಗಳು ಓಡಿದ ಮೇಲೆ 20%, ಏಪ್ರಿಲ್‌ನಲ್ಲಿ ಲೆಕ್ಕ ಮುಗಿದ ಮೇಲೆ ಕೊನೆಯ 15%. ಕಂಪನಿಯವರು ಒಂದು ಸಲ ಮುಖ ಸಿಂಡರಿಸುತ್ತಾರೆ. ಸ್ವಲ್ಪ ಎಳೆದಾಡಿ ಒಪ್ಪುತ್ತಾರೆ. ಸುತರಾಂ ಒಪ್ಪದಿದ್ದರೆ ಅದೂ ಒಂದು ಮಾಹಿತಿಯೇ. ಇನ್ನೊಂದು ಸಾಲು ಮರೆಯದೆ ಸೇರಿಸಿ: ನಿಮ್ಮ ಡೇಟಾ ಪೂರ್ತಿ, ಎಕ್ಸೆಲ್‌ನಲ್ಲಿ ತೆರೆಯುವ ಹಾಗೆ, ಯಾವಾಗ ಕೇಳಿದರೂ ಕೊಡಬೇಕು.

ಡಿಸೆಂಬರ್ 1ರ ತಾರೀಕನ್ನು ಬದಲಾಯಿಸಿ. ಅಕ್ಟೋಬರ್ ಕೊನೆಗೆ ಎಲ್ಲ ಕೈಗೆ ಬರಬೇಕು ಅನ್ನಿ, ನವೆಂಬರ್‌ನಿಂದ ಬರುವ ಅರೇಬಿಕಾ ಪಾರ್ಚ್‌ಮೆಂಟ್‌ಗೆ ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ಬರೆಯಿರಿ. ಡಬಲ್ ಕೆಲಸ, ಹುಡುಗರು ಗೊಣಗುತ್ತಾರೆ. ಜನವರಿಯಲ್ಲಿ ರೋಬಸ್ಟಾ ರಾಶಿ ಬರುವ ಹೊತ್ತಿಗೆ ಪುಸ್ತಕ ಬಿಡಬಹುದಾ ಇಲ್ಲವಾ ಅಂತ ನಿಮಗೇ ಗೊತ್ತಾಗಿರುತ್ತದೆ. ಹಿಂದಕ್ಕೆ ಲೆಕ್ಕ ಹಾಕಿದರೆ ಬರೆಯುವ, ಕೇಳುವ, ಓದುವ ಕೆಲಸಕ್ಕೆ ಈಗಿನ ಮಳೆಗಾಲವೇ ಸರಿಯಾದ ಕಾಲ. ಜೂನ್, ಜುಲೈನಲ್ಲಿ ರೈಟರ್ ಕೂತು ಮಾತಾಡುತ್ತಾರೆ. ಡಿಸೆಂಬರ್‌ನಲ್ಲಿ ಕೈಗೇ ಸಿಗುವುದಿಲ್ಲ.

ಅಧ್ಯಕ್ಷರಿಗೆ ‘ವಾಟರ್‌ಫಾಲ್ ಬೇಡ’ ಅಂತ ಹೇಳಲು ಹೋಗಬೇಡಿ. ಅವರಿಗೆ ಬೇಕಾದದ್ದು ಮೊತ್ತ ಮತ್ತು ತಾರೀಕು, ಎರಡೂ ಮೇಲಿನ ದಾರಿಯಲ್ಲಿ ಇವೆ. ‘ಕಂತು ಕಂತಾಗಿ ಕೆಲಸ ನೋಡಿ ದುಡ್ಡು ಕೊಡೋಣ ಸಾರ್’ ಅನ್ನಿ. ಮನೆ ಕಟ್ಟಿಸಿದವರಿಗೆ ಈ ಮಾತು ಒಂದೇ ಸಲಕ್ಕೆ ಅರ್ಥ ಆಗುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಡಾಕ್ಯುಮೆಂಟ್ ಕನ್ನಡದಲ್ಲಿ ಕೇಳಬಹುದಾ ಅಂತ. ಕೇಳಿ. 86 ಪುಟವೂ ಬೇಡ. ತೂಕ, ಸ್ಯಾಂಪಲ್, ಬಿಲ್ ಈ ಮೂರು ಭಾಗ ಆರು ಪುಟದಲ್ಲಿ ಬರಲಿ. ಕೊಡದಿದ್ದರೆ ನೀವೇ ಬರೆಯಿರಿ, ಕಂಪನಿಯವರು ಅದಕ್ಕೂ ಸಹಿ ಹಾಕಲಿ. ಆಮೇಲೆ ತೂಕದ ಹುಡುಗನನ್ನು ಮೆಷಿನ್ ಹತ್ತಿರವೇ ನಿಲ್ಲಿಸಿಕೊಂಡು, ಒಂದೊಂದೇ ಸಾಲು ಓದಿ ಹೇಳುತ್ತಾ, ಖಾಲಿ ಚೀಲ ಹಿಡಿದು ಮಾಡಿ ತೋರಿಸು ಅನ್ನಿ. ಆರು ಪುಟದಲ್ಲಿ ಒಂದು ಕಡೆಯಾದರೂ ‘ಅಕ್ಕಾ, ಇದು ಹೀಗಲ್ಲ’ ಅನ್ನಬೇಕು. ಅನ್ನದಿದ್ದರೆ ಎಲ್ಲ ಸರಿ ಇದೆ ಅಂತ ತಿಳಿಯಬೇಡಿ, ಅವನಿಗೆ ಸಂಕೋಚ ಅಂತ ತಿಳಿಯಿರಿ. ಮಾರನೇ ದಿನ, ಮಂಡಳಿಯವರು ಯಾರೂ ಪಕ್ಕದಲ್ಲಿ ಇಲ್ಲದಾಗ, ಟೀ ಕೊಡಿಸಿ ಇನ್ನೊಂದು ಸಲ ಓದಿ.